ಆಸ್ಪತ್ರೆಗೆ ಓಡುವಾಗ ಲೈಸನ್ಸ್ ಕೋವಿಯನ್ನು ಎಲ್ಲಿಡಬೇಕು?

ಪೆರ್ಲದ ಅಡಿಕೆಗಾರ:
ಕೋವಿ ಲೈಸನ್ಸ್ ಇರುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ವಕೀಲರು, ಯಾರಾದರೂ ಸರಿ, ಒಂದು ದಾರಿ ಹೇಳಿ.

ನಮ್ಮ ಪಕ್ಕದ ತೋಟದವರು ಪಂಚಾಯತಿನ ಹಂದಿ ಹೊಡೆಯುವವರ ಪಟ್ಟಿಯಲ್ಲಿದ್ದಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮದು ಕೇರಳದ ಗಡಿ ಜಿಲ್ಲೆ ಕಾಸರಗೋಡು. 2022ರಲ್ಲಿ ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಬೆಳೆ ಹಾಳು ಮಾಡುವ ಕಾಡುಹಂದಿ ಹೊಡೆಯಲು ಅವರೇ ಅನುಮತಿ ಕೊಡಬಹುದು. ಹೊಡೆಯುವವರು ಮಾತ್ರ ಲೈಸನ್ಸ್ ಕೋವಿ ಇರುವವರೇ ಆಗಿರಬೇಕು. ಮೊನ್ನೆ ರಾತ್ರಿ ಇವರಿಗೆ ಕರೆ ಬಂತು. ಯಾರದೋ ಮರಗೆಣಸಿನ ಗದ್ದೆ. ತಮ್ಮನನ್ನೂ ಕರೆದುಕೊಂಡು ಜೀಪಿನಲ್ಲಿ ಹೋದರು. ಅಲ್ಲಿ ಕಾಯುತ್ತಿರುವಾಗಲೇ ಮನೆಯಿಂದ ಫೋನ್. ಅಮ್ಮ ಬಚ್ಚಲಿನಲ್ಲಿ ಬಿದ್ದಿದ್ದಾರೆ, ಮಾತಾಡುತ್ತಿಲ್ಲ ಅಂತ.

ಮನೆಗೆ ಹೋಗಿ ಅಮ್ಮನನ್ನು ಎತ್ತಿ ಹಾಕಿಕೊಂಡು ಸೀದಾ ಆಸ್ಪತ್ರೆ. ಜೋಡಿ ನಳಿಗೆ ಕೋವಿ ಹಿಂದೆಯೇ ಇತ್ತು, ಮೇಲೊಂದು ಗೋಣಿ. ಗೇಟಿನಲ್ಲಿ ಸೆಕ್ಯುರಿಟಿಯವನು ಟಾರ್ಚ್ ಹಾಕಿದ. ಆಮೇಲೆ ಗಲಾಟೆಯೋ ಗಲಾಟೆ. 'ಒಳಗೆ ಬಿಡುವುದಿಲ್ಲ, ನಾನು ಇಟ್ಟುಕೊಳ್ಳುವುದೂ ಇಲ್ಲ' ಅಂದ. ಕೊನೆಗೆ ಇವರು ಅಮ್ಮನ ಜೊತೆ ಒಳಗೆ, ತಮ್ಮ ಬೆಳಗಿನವರೆಗೆ ರಸ್ತೆ ಬದಿಯಲ್ಲಿ ಜೀಪಿನೊಳಗೆ ಕೋವಿ ಕಾಯುತ್ತಾ ಕೂತ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಅದು ಇಲ್ಲಿ ಬೇಡ.

ಲೈಸನ್ಸ್ ಸರಿ ಇದೆ, ಪಂಚಾಯತಿನ ಅನುಮತಿಯೂ ಇತ್ತು. ಇಂಥ ಹೊತ್ತಿನಲ್ಲಿ ಕೋವಿ ಎಲ್ಲಿಡಬೇಕು?

ಕುಂಬಳೆ ಕಡಲು:
ಹಂದಿ ಸಿಕ್ಕಿತಾ?

ಪೆರ್ಲದ ಅಡಿಕೆಗಾರ:
ಇಲ್ಲ ಮಾರಾಯ್ರೇ. ಸಿಕ್ಕಿದ್ದರೂ ನಿಮಗೇನು ಲಾಭ? ಹೊಡೆದದ್ದನ್ನು ಹೂಳಬೇಕು. ಸಾರು ಮಾಡುವ ಹಾಗಿಲ್ಲ.

ನೀರ್ಚಾಲು ಭಾವ:
ಸೆಕ್ಯುರಿಟಿಯವನದ್ದು ಜಾಸ್ತಿ ಆಯಿತು. ಲೈಸನ್ಸ್ ಪುಸ್ತಕ ನೋಡಿ ಬಿಡಬೇಕಿತ್ತು. ಸರ್ಕಾರವೇ ಕೊಟ್ಟ ಲೈಸನ್ಸ್ ಅಲ್ವಾ?

ವಾರ್ಡಿನ ಅಕ್ಕ:
ಭಾವ, ನಾನು ಮಂಗಳೂರಿನಲ್ಲಿ ನರ್ಸ್. ಆ ಸೆಕ್ಯುರಿಟಿಯವನ ಜಾಗದಲ್ಲಿ ನಿಂತು ನೋಡಿ. ರಾತ್ರಿ ಹೊತ್ತು, ಗಾಬರಿಯಲ್ಲಿರುವ ಇಬ್ಬರು ಗಂಡಸರು, ಗಾಡಿಯಲ್ಲಿ ಕೋವಿ. 2023ರ ಮೇ ತಿಂಗಳಲ್ಲಿ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಏನಾಯಿತು ನೆನಪಿದೆಯಾ? ಪೊಲೀಸರೇ ಚಿಕಿತ್ಸೆಗೆ ಕರೆತಂದವನು ಚಿಕ್ಕ ವಯಸ್ಸಿನ ಡಾಕ್ಟರನ್ನು ಇರಿದು ಕೊಂದ. ಅದಾದ ಮೇಲೆ ಕೇರಳದಲ್ಲಿ ಸುಗ್ರೀವಾಜ್ಞೆ ಬಂತು. ಆಸ್ಪತ್ರೆ ಸಿಬ್ಬಂದಿಗೆ ಗಂಭೀರ ಗಾಯ ಮಾಡಿದರೆ 7 ವರ್ಷದವರೆಗೆ ಶಿಕ್ಷೆ. ಕಾನೂನು ಬಂತು, ಸರಿ. ನಮ್ಮ ಹೆದರಿಕೆ ಹೋಗಿಲ್ಲ. ಕ್ಯಾಶುವಾಲ್ಟಿಯಲ್ಲಿ ರೋಗಿ ತೀರಿಹೋದ ಸುದ್ದಿ ಹೇಳುವಾಗ ಎದುರಿಗಿರುವವರ ಸೊಂಟದಲ್ಲಿ ಏನಿದೆ ಅಂತ ನಾವು ಯೋಚಿಸುವ ಹಾಗೆ ಆಗಬಾರದು.

ನೀರ್ಚಾಲು ಭಾವ:
ಅಕ್ಕ, ನಿಮ್ಮ ಮಾತು ಒಪ್ಪಿದೆ. ಆದರೆ 'ನಾನು ಇಟ್ಟುಕೊಳ್ಳುವುದಿಲ್ಲ' ಅಂದರೆ ಎಲ್ಲಿಗೆ ಹೋಗಬೇಕು? ಬಾವಿಗೆ ಹಾಕುವುದಾ?

ಮಂಜೇಶ್ವರದ ವಕೀಲ:
ಸೆಕ್ಯುರಿಟಿಯವನು ಇಟ್ಟುಕೊಳ್ಳಲಿಲ್ಲ, ಅದು ನಿಮ್ಮ ಪಕ್ಕದವರ ಪುಣ್ಯ. ಇಟ್ಟುಕೊಂಡಿದ್ದರೆ ಇಬ್ಬರಿಗೂ ಕಷ್ಟ ಆಗುತ್ತಿತ್ತು.

ಕೋವಿ ಲೈಸನ್ಸ್ ಅಂದರೆ ಒಬ್ಬ ಮನುಷ್ಯ, ಒಂದು ನಂಬರಿನ ಕೋವಿ. ಬೇರೆ ಯಾರ ಕೈಗೆ ಹೋದರೂ ಅವರ ಮಟ್ಟಿಗೆ ಅದು ಲೈಸನ್ಸ್ ಇಲ್ಲದ ಕೋವಿ. ಆರ್ಮ್ಸ್ ಆಕ್ಟ್ 1959ರ ಸೆಕ್ಷನ್ 3ರಲ್ಲಿ ಸಣ್ಣ ವಿನಾಯಿತಿ ಇದೆ. ಲೈಸನ್ಸ್‌ದಾರ ಎದುರಿಗೇ ಇದ್ದರೆ, ಅಥವಾ ಬರೆದುಕೊಟ್ಟಿದ್ದರೆ, ರಿಪೇರಿಗೆ, ಲೈಸನ್ಸ್ ನವೀಕರಣಕ್ಕೆ, ಅಥವಾ ಲೈಸನ್ಸ್‌ದಾರನ ಬಳಕೆಗಾಗಿ ಇನ್ನೊಬ್ಬ ಹೊತ್ತುಕೊಂಡು ಹೋಗಬಹುದು. ಅಣ್ಣ ಐಸಿಯು ಬಾಗಿಲಲ್ಲಿ, ತಮ್ಮ ರಸ್ತೆಯಲ್ಲಿ ಇಡೀ ರಾತ್ರಿ. ಇದು ಆ ವಿನಾಯಿತಿಯೊಳಗೆ ಬರುತ್ತದೆ ಅಂತ ಕೋರ್ಟಿನಲ್ಲಿ ವಾದಿಸುವ ಕೆಲಸ ನನಗೆ ಬೇಡಪ್ಪ. 2019ರ ತಿದ್ದುಪಡಿ ಆದ ಮೇಲೆ ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ, 5 ವರ್ಷದವರೆಗೂ ಹೋಗಬಹುದು. ಆ ತಮ್ಮನಿಗೆ ಇದು ಗೊತ್ತಿತ್ತಾ?

ಪೆರ್ಲದ ಅಡಿಕೆಗಾರ:
ಅವನಿಗೆ ಗೊತ್ತಿದ್ದದ್ದು ಸೊಳ್ಳೆ ಕಾಟ ಒಂದೇ.

ಕುಂಬಳೆ ಕಡಲು:
ವಕೀಲರೇ, ಆಸ್ಪತ್ರೆಗೆ ಕೋವಿ ತರಬಾರದು ಅಂತ ಕಾನೂನಿನಲ್ಲಿ ಎಲ್ಲಿದೆ? ನನ್ನ ಲೈಸನ್ಸಿನ ಹಿಂದೆ ಸಂತೆ, ಮೆರವಣಿಗೆ ಅಂತ ಏನೋ ಇದೆ. ಆಸ್ಪತ್ರೆ ಇಲ್ಲ.

ಮಂಜೇಶ್ವರದ ವಕೀಲ:
ಪೂರ್ತಿ ಓದಿ ಸ್ವಾಮಿ. ಜಾತ್ರೆ, ಧಾರ್ಮಿಕ ಮೆರವಣಿಗೆ, ಬೇರೆ ಜನ ಸೇರುವ ಕಡೆ, ಆಮೇಲೆ ಶಿಕ್ಷಣ ಸಂಸ್ಥೆಯ ಆವರಣ. ಇಲ್ಲಿಗೆಲ್ಲ ವಿಶೇಷ ಅನುಮತಿ ಇಲ್ಲದೆ ಒಯ್ಯುವ ಹಾಗಿಲ್ಲ. ಆಸ್ಪತ್ರೆ ಅಂತ ಹೆಸರು ಹಿಡಿದು ಬರೆದಿಲ್ಲ, ನಿಜ.

ಈಗ ಹೇಳಿ, ನಮ್ಮ ಜನ ದೊಡ್ಡ ಕಾಯಿಲೆಗೆ ಎಲ್ಲಿಗೆ ಹೋಗುತ್ತಾರೆ? ಮಂಗಳೂರು, ದೇರಳಕಟ್ಟೆ. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಿನವು ಮೆಡಿಕಲ್ ಕಾಲೇಜಿನವು. ಈಚೆ ಉಕ್ಕಿನಡ್ಕದಲ್ಲಿರುವುದೂ ಸರ್ಕಾರಿ ಮೆಡಿಕಲ್ ಕಾಲೇಜೇ. ಮೆಡಿಕಲ್ ಕಾಲೇಜು ಶಿಕ್ಷಣ ಸಂಸ್ಥೆ ಅಲ್ವಾ? ಗೇಟು ದಾಟಿದರೆ ಕಾಲೇಜಿನ ಆವರಣದೊಳಗೆ ಬಂದ ಹಾಗೆ. ಷರತ್ತು ಮುರಿದರೆ ಸೆಕ್ಷನ್ 30. 6 ತಿಂಗಳವರೆಗೆ ಜೈಲು, ಇಲ್ಲ 2,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ದಂಡ ಚಿಲ್ಲರೆ. ಲೈಸನ್ಸ್ ರದ್ದಾದರೆ ಮಾತ್ರ ಹೊಸತು ತೆಗೆಯಲು ಕಲೆಕ್ಟರೇಟಿನ ಮೆಟ್ಟಿಲು ಸವೆಸಬೇಕು.

ಕುಂಬಳೆ ಕಡಲು:
ಓಹೋ. ಇದು ಹೊಳೆದಿರಲಿಲ್ಲ.

ಸುಬೇದಾರ ಮುಳ್ಳೇರಿಯ:
ಕಾನೂನು ವಕೀಲರು ಹೇಳಲಿ. ನನಗೆ ಮೊದಲು ಎದ್ದ ಪ್ರಶ್ನೆ ಬೇರೆ. ಆ ಕೋವಿಯಲ್ಲಿ ತೋಟೆ ಇತ್ತಾ?

ಪೆರ್ಲದ ಅಡಿಕೆಗಾರ:
ಇತ್ತು ಸುಬೇದಾರರೇ. ಎರಡೂ ನಳಿಗೆಯಲ್ಲಿ. ಬೆಳಿಗ್ಗೆ ತಮ್ಮ ನೋಡಿದಾಗಲೇ ಗೊತ್ತಾದದ್ದು.

ಸುಬೇದಾರ ಮುಳ್ಳೇರಿಯ:
ಅಂದರೆ ತುಂಬಿದ ಕೋವಿ ಗೋಣಿಯಡಿ, ಅದರ ಪಕ್ಕದಲ್ಲೇ ಪ್ರಜ್ಞೆ ಇಲ್ಲದ ಅಮ್ಮ, ಗುಂಡಿ ಬಿದ್ದ ರಸ್ತೆ. ಎಲ್ಲಿಡುವುದು ಅನ್ನುವುದು ಆಮೇಲಿನ ಮಾತು.

ಯಾವ ಅವಸರ ಇದ್ದರೂ ಗಾಡಿ ಹತ್ತುವ ಮೊದಲು ಕೋವಿ ಖಾಲಿ ಮಾಡಬೇಕು. ನಿಮಿಷವೂ ಬೇಡ. ಕೋವಿಯ ಬಾಯಿ ನೆಲದ ಕಡೆ, ಅಲ್ಲಿ ಯಾರ ಕಾಲೂ ಇರಬಾರದು. ಬೆರಳು ಟ್ರಿಗರಿನಿಂದ ಹೊರಗೆ. ಮೇಲಿನ ಲಿವರ್ ಪಕ್ಕಕ್ಕೆ ಒತ್ತಿದರೆ ನಳಿಗೆ ಬಾಗುತ್ತದೆ. ಎರಡೂ ತೋಟೆ ತೆಗೆದು ಕಿಸೆಗೆ ಹಾಕಿ. ಕತ್ತಲಾದರೆ ಕಣ್ಣನ್ನು ನಂಬಬೇಡಿ, ಕಿರುಬೆರಳು ಒಂದೊಂದೇ ತೂತಿಗೆ ಹಾಕಿ ನೋಡಿ. ತಣ್ಣನೆ ಕಬ್ಬಿಣದ ಅಂಚು ಮಾತ್ರ ಸಿಗಬೇಕು. ಆಮೇಲೆ ನಳಿಗೆಯ ಕೆಳಗಿನ ಮರದ ತುಂಡು ಕಳಚಿದರೆ ನಳಿಗೆ ಬೇರೆ, ಹಿಡಿ ಬೇರೆ. ಮೂರು ತುಂಡು ಒಂದು ಬ್ಯಾಗಿನಲ್ಲಿ, ತೋಟೆ ಇನ್ನೊಂದರಲ್ಲಿ.

ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಇರುವವರು ಇದನ್ನು ಎರಡು ಸಲ ಓದಿ. ಕೇಪು ಕಿತ್ತರೆ ಕೋವಿ ಖಾಲಿ ಅಂದುಕೊಳ್ಳುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಮದ್ದು, ಚಿಲ್ಲು ಎಲ್ಲಾ ನಳಿಗೆಯೊಳಗೇ ಇರುತ್ತದೆ. ಅಂಥ ಕೋವಿಯನ್ನು ತುಂಬಿದ್ದರೆ ಗಾಡಿಗೆ ಹತ್ತಿಸಲೇಬೇಡಿ.

ಅಡೂರು ಮಾವ:
ಸುಬೇದಾರರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಜ್ಜನ ಕೇಪಿನ ಕೋವಿ ತುಂಬಿದ್ದು ಯಾರಿಗೂ ಗೊತ್ತಿಲ್ಲದೆ ಅಟ್ಟದಲ್ಲಿ ಎಷ್ಟೋ ಕಾಲ ಇತ್ತು.

ಮಂಜೇಶ್ವರದ ವಕೀಲ:
ಒಂದು ಸೇರಿಸುತ್ತೇನೆ. ಮೂರು ತುಂಡು ಮಾಡಿದರೂ ಕಾನೂನಿಗೆ ಅದು ಆಯುಧವೇ, ಬಿಡಿಭಾಗಕ್ಕೂ ಅದೇ ನಿಯಮ. ನಳಿಗೆ ನನ್ನ ಹತ್ತಿರ, ಹಿಡಿ ಮಾತ್ರ ಸೆಕ್ಯುರಿಟಿಗೆ ಕೊಟ್ಟೆ ಅಂತ ಉಪಾಯ ಮಾಡಬೇಡಿ. ಮತ್ತೆ ಗೋಣಿ ಸಾಲದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಅದಕ್ಕೆ ತಕ್ಕ ಚೀಲದಲ್ಲಿರಬೇಕು, ಹಿಡಿತ ನಿಮ್ಮದೇ ಇರಬೇಕು.

ಬದಿಯಡ್ಕ ಟು ಡಲ್ಲಾಸ್:
ಇಷ್ಟು ತಲೆಬಿಸಿ ಯಾಕೆ? ಇಲ್ಲಿ ಅಮೆರಿಕದಲ್ಲಿ ಕಾರಿನ ಸೀಟಿನಡಿ ಇಡುವ ಸಣ್ಣ ಉಕ್ಕಿನ ಪೆಟ್ಟಿಗೆ ಸಿಗುತ್ತದೆ. ಉಕ್ಕಿನ ಕೇಬಲ್ಲಿನಿಂದ ಸೀಟಿನ ಕಂಬಿಗೆ ಕಟ್ಟಿ ಬೀಗ ಹಾಕಿದರೆ ಆಯಿತು. ಕೆಲವು ಆಸ್ಪತ್ರೆಗಳಲ್ಲಿ ಸೆಕ್ಯುರಿಟಿಯವರ ಹತ್ತಿರವೇ ಲಾಕರ್ ಇರುತ್ತದೆ.

ಸುಬೇದಾರ ಮುಳ್ಳೇರಿಯ:
ನಿಮ್ಮಲ್ಲಿ ಅಂಗೈಯಷ್ಟು ಪಿಸ್ತೂಲು. ನಮ್ಮಲ್ಲಿ ಗುದ್ದಲಿಯಷ್ಟು ಉದ್ದದ ಕೋವಿ. ಯಾವ ಸೀಟಿನಡಿ ತುರುಕುವುದು?

ವಾರ್ಡಿನ ಅಕ್ಕ:
ಕಾರಿನಿಂದ ಕೋವಿ ಕದಿಯುವುದೇ ನಿಮ್ಮಲ್ಲಿ ದೊಡ್ಡ ತಲೆನೋವು ಅಂತ ಓದಿದ್ದೇನೆ. ನಮ್ಮ ಆಸ್ಪತ್ರೆ ಪಾರ್ಕಿಂಗಿನಲ್ಲಿ ಹೆಲ್ಮೆಟ್ ಉಳಿಯುವುದಿಲ್ಲ, ಕೋವಿ ಉಳಿಯುತ್ತದಾ?

ಬದಿಯಡ್ಕ ಟು ಡಲ್ಲಾಸ್:
ಅದು ನಿಜ. ಗಾಜು ಒಡೆದು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುವವರೂ ಇದ್ದಾರೆ. ಕೇಬಲ್ ಕತ್ತರಿಸಲು ಎಷ್ಟು ಹೊತ್ತು ಬೇಕು.

ಮಂಜೇಶ್ವರದ ವಕೀಲ:
ನಮ್ಮಲ್ಲಿ ಕದ್ದುಹೋದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು, ಅದೂ ಲೈಸನ್ಸಿನ ಷರತ್ತೇ. ಅಲ್ಲಿ ಮೊದಲ ಪ್ರಶ್ನೆ 'ಗಾಡಿಯಲ್ಲಿ ಯಾಕೆ ಬಿಟ್ಟಿರಿ' ಅಂತ. ಏನು ಹೇಳುತ್ತೀರಿ?

ಗೇರುಬೀಜ ಶೆಟ್ರು:
ನನ್ನದು ರಿವಾಲ್ವರ್. ವ್ಯಾಪಾರದ ದುಡ್ಡು ಓಡಾಡಿಸುವಾಗ ಬೇಕು ಅಂತ ತೆಗೆದದ್ದು. ಆಸ್ಪತ್ರೆಗೆ ಹೋದಾಗಲೂ ಅಂಗಿಯಡಿ ಸೊಂಟದಲ್ಲಿ ಇರುತ್ತದೆ. ಯಾರಿಗೂ ಗೊತ್ತೂ ಆಗುವುದಿಲ್ಲ, ತೊಂದರೆಯೂ ಇಲ್ಲ. ಸುಮ್ನೆ ದೊಡ್ಡ ವಿಷಯ ಮಾಡುತ್ತಿದ್ದೀರಿ.

ವಾರ್ಡಿನ ಅಕ್ಕ:
ಶೆಟ್ರೇ, ನಿಮ್ಮ ಮನೆಯವರಿಗೆ ಎಂಆರ್‌ಐ ಮಾಡಿಸುವ ದಿನ ಬಂದರೆ?

2023ರ ಜನವರಿಯಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಒಬ್ಬ ವಕೀಲ ತಾಯಿಗೆ ಸ್ಕ್ಯಾನ್ ಮಾಡಿಸಲು ಹೋದ. ಲೋಹದ ವಸ್ತು ಎಲ್ಲಾ ತೆಗೆಯಿರಿ ಅಂತ ಹೇಳಿದ್ದರು, ಕಾಗದಕ್ಕೆ ಸಹಿಯನ್ನೂ ಹಾಕಿದ್ದ. ಸೊಂಟದ ಪಿಸ್ತೂಲಿನ ವಿಷಯ ಮಾತ್ರ ಹೇಳಲಿಲ್ಲ. ಯಂತ್ರ ಅದನ್ನು ಎಳೆದುಕೊಂಡಿತು, ಗುಂಡು ಹಾರಿ ಅವನದೇ ಹೊಟ್ಟೆಗೆ ಬಿತ್ತು. ಮುಂದಿನ ತಿಂಗಳು ತೀರಿಹೋದ. ಅವನದೂ ಲೈಸನ್ಸ್ ಪಿಸ್ತೂಲೇ.

ನಮ್ಮ ದೇಶದ್ದೂ ಇದೆ. 2017ರಲ್ಲಿ ಲಕ್ನೋದಲ್ಲಿ ಮಂತ್ರಿಯೊಬ್ಬರ ಗನ್‌ಮ್ಯಾನ್ ಪಿಸ್ತೂಲು ಸಮೇತ ಎಂಆರ್‌ಐ ಕೋಣೆಗೆ ನುಗ್ಗಿದ. ಪಿಸ್ತೂಲು ಹೋಗಿ ಯಂತ್ರಕ್ಕೆ ಅಂಟಿಕೊಂಡಿತು. 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಸಂಬಂಧಿಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದುಕೊಂಡು ಎಂಆರ್‌ಐ ಕೋಣೆಗೆ ಹೋಗಿ ಸತ್ತೇ ಹೋದ.

ಜನರಿಗೆ ಗೊತ್ತಿಲ್ಲದ ವಿಷಯ ಇದು. ಸ್ಕ್ಯಾನ್ ನಡೆಯುತ್ತಿಲ್ಲ ಅಂದರೆ ಮ್ಯಾಗ್ನೆಟ್ ಆಫ್ ಅಂತ ಅರ್ಥ ಅಲ್ಲ. ಅದು ಹಗಲೂ ರಾತ್ರಿ ಆನ್ ಇರುತ್ತದೆ. ಸಾಮಾನ್ಯ ಯಂತ್ರ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಸ್ವಿಚ್ ಒತ್ತಿ ನಿಲ್ಲಿಸುವ ಹಾಗಿಲ್ಲ. ತುರ್ತಿನಲ್ಲಿ ನಿಲ್ಲಿಸಬೇಕಾದರೆ ಒಳಗಿನ ಹೀಲಿಯಂ ಎಲ್ಲಾ ಹೊರಗೆ ಬಿಡಬೇಕು. ಲಕ್ಷಗಟ್ಟಲೆ ಖರ್ಚು, ದಿನಗಟ್ಟಲೆ ಯಂತ್ರ ಬಂದ್.

ಗೇರುಬೀಜ ಶೆಟ್ರು:
ಎಂಆರ್‌ಐಗೆ ಹೋಗುವಾಗ ತೆಗೆದಿಡುತ್ತೇನಪ್ಪ.

ವಾರ್ಡಿನ ಅಕ್ಕ:
ಎಲ್ಲಿ ತೆಗೆದಿಡುತ್ತೀರಿ? ಮತ್ತೆ ಅದೇ ಪ್ರಶ್ನೆಗೆ ಬಂದೆವಲ್ಲ. ಚಪ್ಪಲಿ ಬಿಡುವ ಕಡೆಯಾ? ಇನ್ನೊಂದು ಯೋಚಿಸಿ. ನೀವೇ ರೋಗಿ ಆಗಿ ಎದೆನೋವು ಅಂತ ಬಂದರೆ ನಿಮ್ಮ ಅಂಗಿ ಬಿಚ್ಚುವುದು ನಾವು. ಆಗ ರಿವಾಲ್ವರ್ ನಮ್ಮ ಕೈಗೆ ಸಿಗುತ್ತದೆ. ನಮಗೆ ಅದನ್ನು ಖಾಲಿ ಮಾಡಲೂ ಬರುವುದಿಲ್ಲ, ಮುಟ್ಟಲೂ ಭಯ. ಪೊಲೀಸರು ಬರುವವರೆಗೆ ಇಸಿಜಿ ಮಾಡುವುದಾ, ಅದನ್ನು ಕಾಯುವುದಾ?

ಸುಬೇದಾರ ಮುಳ್ಳೇರಿಯ:
ಅಕ್ಕ, ಅಂಥ ಸಂದರ್ಭದಲ್ಲಿ ಖಾಲಿ ಮಾಡಲು ಹೋಗಲೇಬೇಡಿ. ಟ್ರಿಗರಿನ ಹತ್ತಿರ ಕೈ ಹಾಕದೆ ಹೋಲ್ಸ್ಟರ್ ಸಮೇತ ಬೆಲ್ಟೇ ಬಿಚ್ಚಿ ಬೀಗ ಇರುವ ಕಪಾಟಿನಲ್ಲಿಟ್ಟು 112ಕ್ಕೆ ಫೋನ್ ಮಾಡಿ.

ಉಪ್ಪಳ ಗೇಟ್:
ಅಡಿಕೆಗಾರರೇ, ಎಲ್ಲರೂ ಕೋವಿ ಕೋವಿ ಅನ್ನುತ್ತಿದ್ದಾರೆ. ಆ ಅಮ್ಮ ಹೇಗಿದ್ದಾರೆ?

ಪೆರ್ಲದ ಅಡಿಕೆಗಾರ:
ಪರವಾಗಿಲ್ಲ. ಮೆದುಳಿನಲ್ಲಿ ಸಣ್ಣ ರಕ್ತಸ್ರಾವ ಅಂತೆ. ಬೆಳಿಗ್ಗೆ ಮಂಗಳೂರಿಗೆ ಕಳಿಸಿದರು. ಈಗ ಮಾತಾಡುತ್ತಾರೆ. ಬಚ್ಚಲಿಗೆ ಹಾಸುಕಲ್ಲು ತೆಗೆಸಿ ಟೈಲ್ಸ್ ಹಾಕಿಸಿದ್ದಕ್ಕೆ ಮಗನಿಗೆ ಬೈಯುತ್ತಿದ್ದಾರಂತೆ.

ಮಂಜೇಶ್ವರದ ವಕೀಲ:
ಸಂತೋಷ. ಮಂಗಳೂರಿಗೆ ಹೋಗುವಾಗ ಕೋವಿ ಎಲ್ಲಿತ್ತು?

ಪೆರ್ಲದ ಅಡಿಕೆಗಾರ:
ಅಮ್ಮನ ಜೊತೆ ಅಣ್ಣ ಆಂಬುಲೆನ್ಸಿನಲ್ಲಿ ಹೋದರು. ತಮ್ಮ ಕೋವಿ ಮನೆಗೆ ತಂದಿಟ್ಟು ಆಮೇಲೆ ಹೋದ.

ಮಂಜೇಶ್ವರದ ವಕೀಲ:
ತಮ್ಮ ಒಬ್ಬನೇ ತಂದದ್ದು ಸರಿಯಾಗಲಿಲ್ಲ. ಆದರೂ ಕೋವಿ ಗಡಿ ದಾಟಲಿಲ್ಲವಲ್ಲ, ಬಚಾವ್. ಗಡಿಯ ಜನ ಇದನ್ನು ಮರೆಯುತ್ತಾರೆ. ಲೈಸನ್ಸಿನಲ್ಲಿ ಯಾವ ಪ್ರದೇಶಕ್ಕೆ ಅಂತ ಬರೆದಿರುತ್ತದೆ. ಜಿಲ್ಲೆಗೋ, ರಾಜ್ಯಕ್ಕೋ, ಇಡೀ ದೇಶಕ್ಕೋ ನೋಡಿಕೊಳ್ಳಿ. ಬೆಳೆ ರಕ್ಷಣೆಯ ಕೋವಿಗೆ ಅಖಿಲ ಭಾರತ ಪರವಾನಗಿ ಯಾರು ಕೊಡುತ್ತಾರೆ? ತಲಪಾಡಿ ದಾಟಿದರೂ ಸಾರಡ್ಕ ದಾಟಿದರೂ ಅದು ಕರ್ನಾಟಕ. ನಮಗೆ ಮಂಗಳೂರು ಪಕ್ಕದ ಊರು ಅನ್ನಿಸಬಹುದು, ಲೈಸನ್ಸಿಗೆ ಅನ್ನಿಸುವುದಿಲ್ಲ.

ಉಪ್ಪಳ ಗೇಟ್:
ಗಡಿ ಅಂದರೆ ಏನು ಅಂತ ನಮಗೆ 2020ರಲ್ಲಿ ಗೊತ್ತಾಯಿತಲ್ಲ. ಕೊರೋನಾ ಅಂತ ರಸ್ತೆಗೇ ಮಣ್ಣು ಸುರಿದರು. ಡಯಾಲಿಸಿಸ್ ರೋಗಿಗಳನ್ನೂ ಬಿಡಲಿಲ್ಲ. ಕೇರಳ ಹೈಕೋರ್ಟಿನವರೆಗೆ ಹೋಗಬೇಕಾಯಿತು.

ನೀರ್ಚಾಲು ಭಾವ:
ಅದನ್ನು ನೆನಪಿಸಬೇಡಿ, ಹೊಟ್ಟೆ ಉರಿಯುತ್ತದೆ.

ಮಡಿಕೇರಿ ಸೊಸೆ:
ನನ್ನ ತವರು ಪಾಣತ್ತೂರು, ಕೊಟ್ಟದ್ದು ಕೊಡಗಿಗೆ. ನಮ್ಮವರಿಗೆ ಲೈಸನ್ಸೇ ಬೇಡ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯದ ಜಮ್ಮಾ ಜಮೀನು ಇರುವವರಿಗೆ) ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಮನೆಯಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಗುಂಡು ಹಾರಿಸುತ್ತಾರೆ. ಆದರೆ ಆಸ್ಪತ್ರೆಗೆ ಕೋವಿ ಹೊತ್ತುಕೊಂಡು ಹೋದವರನ್ನು ನಾನಂತೂ ನೋಡಿಲ್ಲ. ಅಪ್ಪಾಜಿಯವರಿಗೆ ಹುಷಾರಿಲ್ಲದಾಗ ಕೋವಿ ಕೋಣೆಗೆ ಬೀಗ ಹಾಕಿ ಕೀ ಅತ್ತೆಯ ಸೆರಗಿಗೆ. ಅಷ್ಟೇ.

ಅಡೂರು ಮಾವ:
ಸರಿ, ಎಲ್ಲಿಡಬಾರದು ಅಂತ ಎಲ್ಲರೂ ಹೇಳಿದಿರಿ. ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ಠಾಣೆಗೆ ಕೊಟ್ಟರೆ? ಪ್ರತಿ ಚುನಾವಣೆಗೂ ಅಲ್ಲೇ ತಾನೆ ಇಡುವುದು.

ಕುಂಬಳೆ ಕಡಲು:
ಚುನಾವಣೆ ಮಾತು ಎತ್ತಬೇಡಿ ಮಾವ. ಹಂದಿಗಳಿಗೆ ನೀತಿ ಸಂಹಿತೆ ಇಲ್ಲ. ನಾವು ಕೋವಿ ಠಾಣೆಯಲ್ಲಿಟ್ಟು ತಮಟೆ ಬಡಿಯುತ್ತಾ ತೋಟ ಕಾಯಬೇಕು. ಒಂದು ಸಲ ಮಳೆ ಶುರುವಾದ ಮೇಲೆ ವಾಪಸ್ ಕೊಟ್ಟರು, ನಳಿಗೆ ತುಂಬಾ ತುಕ್ಕು. ಎಣ್ಣೆ ಬಟ್ಟೆ ಎಳೆದು ಎಳೆದು ಭುಜ ನೋವು ಬಂತು.

ಸುಬೇದಾರ ಮುಳ್ಳೇರಿಯ:
ತುಂಬಾ ದಿನಕ್ಕೆ ಇಡುವುದಾದರೆ ನಳಿಗೆಗೆ ಎಣ್ಣೆ ಸವರಿ ಕೊಡಬೇಕು. ಠಾಣೆಯವರು ನಿಮ್ಮ ಕೋವಿಗೆ ಎಣ್ಣೆ ಹಾಕುತ್ತಾ ಕೂರುವುದಿಲ್ಲ.

ಮಾವ, ನನ್ನ ಲೆಕ್ಕ ಹೀಗೆ. ಕೋವಿಯ ಜಾಗ ಮನೆಯ ಬೀಗ ಹಾಕಿದ ಕಬ್ಬಿಣದ ಕಪಾಟು. ರೋಗಿ ಮನೆಯಲ್ಲೇ ಇದ್ದರೆ ಪ್ರಶ್ನೆಯೇ ಇಲ್ಲ, ಹೇಗೂ ಮನೆಗೆ ಬರುತ್ತೀರಿ, ಕೋವಿ ಒಳಗಿಟ್ಟು ಹೊರಡಿ. ನೀವು ದೂರ ಇದ್ದರೆ ಮನೆಯವರು 108 ಕರೆದು ಹೊರಡಲಿ, ನಿಮಗಾಗಿ ಕಾಯಬಾರದು. ನೀವು ಕೋವಿ ಇಟ್ಟು ಹಿಂದಿನಿಂದ ಬನ್ನಿ. ಮನೆ ದಾರಿ ತಪ್ಪಿ ದೂರ ಆದರೆ ದಾರಿಯಲ್ಲಿ ಸಿಗುವ ಠಾಣೆ.

ನೀರ್ಚಾಲು ಭಾವ:
ಸುಬೇದಾರರೇ, ಅಮ್ಮ ಬಿದ್ದಿದ್ದಾರೆ ಅಂತ ಫೋನ್ ಬಂದಾಗ ಕಪಾಟು, ಕೀ ಅಂತ ಯಾರಿಗೆ ನೆನಪಿರುತ್ತದೆ? ಹೇಳುವುದು ಸುಲಭ.

ಸುಬೇದಾರ ಮುಳ್ಳೇರಿಯ:
ನೆನಪಿರುವುದಿಲ್ಲ, ಅದಕ್ಕೇ ಮೊದಲೇ ಅಭ್ಯಾಸ ಆಗಿರಬೇಕು. ಫೋನ್ ಬಂದಾಗ ತಲೆ ಓಡದಿದ್ದರೂ ಕೈ ತಾನಾಗಿ ತೋಟೆ ತೆಗೆಯಬೇಕು. ಅಷ್ಟು ಆಗದಿದ್ದರೆ ಪಂಚಾಯತಿನ ಪಟ್ಟಿಗೆ ಹೆಸರು ಕೊಡಬಾರದು. ಕಟುವಾಯಿತಾ? ಆಗಲಿ.

ನೀರ್ಚಾಲು ಭಾವ:
ಕಟುವೇ. ನಿಮ್ಮ ಹಾಗೆ ಮಿಲಿಟರಿಯಲ್ಲಿ ಇದ್ದವರಲ್ಲ ನಾವು. ಕೊಟ್ಟಿಗೆ ಕೆಲಸ ಮುಗಿಸಿ ರಾತ್ರಿ ಕೋವಿ ಹಿಡಿಯುವವರು.

ವಾರ್ಡಿನ ಅಕ್ಕ:
ಇಲ್ಲಿ ನಾನು ಸುಬೇದಾರರ ಕಡೆ. ಭಾವ, ಬೇಜಾರು ಮಾಡಬೇಡಿ.

ಮಂಜೇಶ್ವರದ ವಕೀಲ:
ಠಾಣೆಗೆ ಕೊಡುವುದಾದರೆ ರಸೀದಿ ಇಲ್ಲದೆ ಎದ್ದು ಬರಬೇಡಿ. ಅದರಲ್ಲಿ ಕೋವಿಯ ನಂಬರ್, ಲೈಸನ್ಸ್ ನಂಬರ್, ಎಷ್ಟು ತೋಟೆ, ಎಷ್ಟು ಗಂಟೆಗೆ ಅಂತ ಇರಲಿ. ಲೈಸನ್ಸ್ ಪುಸ್ತಕದ ಫೋಟೋ ಫೋನಿನಲ್ಲಿರಲಿ, ಮೂಲ ಪುಸ್ತಕ ಕೋವಿಯ ಚೀಲದಲ್ಲೇ ಇರಲಿ. ಆಸ್ಪತ್ರೆ ವಾಸ ವಾರಗಟ್ಟಲೆ ಆಗುತ್ತದೆ, ಮನೆಯಲ್ಲಿ ಯಾರೂ ಇಲ್ಲ ಅಂತಾದರೆ ಲೈಸನ್ಸ್ ಇರುವ ಕೋವಿ ಅಂಗಡಿಯವರಲ್ಲಿ ವಿಚಾರಿಸಿ. ಜೋಪಾನಕ್ಕೆ ಇಟ್ಟುಕೊಳ್ಳುವ ಪರವಾನಗಿ ಇರುವವರು ಬಾಡಿಗೆ ತಗೊಂಡು ಇಡುತ್ತಾರೆ. ಲೈಸನ್ಸ್ ಇರುವ ನೆಂಟರ ಮನೆಯಲ್ಲಿ ಇಡುತ್ತೇನೆ ಅಂದರೆ ಆಗುವುದಿಲ್ಲ. ಅವರ ಲೈಸನ್ಸ್ ಅವರ ಕೋವಿಗೆ ಮಾತ್ರ.

ಗೇರುಬೀಜ ಶೆಟ್ರು:
ವಕೀಲರೇ, ನನ್ನ ರಿವಾಲ್ವರಿಗೂ ಕಾಲೇಜು ಆವರಣದ ಷರತ್ತು ಅನ್ವಯ ಆಗುತ್ತದಾ?

ಮಂಜೇಶ್ವರದ ವಕೀಲ:
ಆಗದೆ ಮತ್ತೆ? ಇಂದೇ ಪುಸ್ತಕ ತೆಗೆದು ಓದಿ ಶೆಟ್ರೇ.

ಗೇರುಬೀಜ ಶೆಟ್ರು:
ನಾಳೆ ದೇರಳಕಟ್ಟೆಗೆ ಹೋಗುವುದಿತ್ತು. ಅಂಗಡಿ ತಿಜೋರಿಯಲ್ಲಿ ಇಟ್ಟು ಹೋಗುತ್ತೇನೆ.

ಮಂಜೇಶ್ವರದ ವಕೀಲ:
ತಿಜೋರಿಯ ಕೀ ಮ್ಯಾನೇಜರನ ಕೈಯಲ್ಲಿದ್ದರೆ ಮತ್ತೆ ಅದೇ ಕಥೆ. ಮನೆಯಲ್ಲೇ ಇಟ್ಟು, ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪೆರ್ಲದ ಅಡಿಕೆಗಾರ:
ಎಲ್ಲರಿಗೂ ಧನ್ಯವಾದ. ಇವತ್ತು ನಾನೂ ಪಕ್ಕದವರೂ ನಮ್ಮ ಕಡೆಯ ಠಾಣೆಗೆ ಹೋಗಿ ವಿಚಾರಿಸಿದೆವು. ಲೈಸನ್ಸ್ ಪುಸ್ತಕ ತೋರಿಸಿದರೆ, ಕೋವಿ ಖಾಲಿ ಇದ್ದರೆ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಇಟ್ಟುಕೊಳ್ಳುತ್ತೇವೆ ಅಂದರು. ಒಳ್ಳೆಯ ಜನ. ಪಂಚಾಯತ್ ಅಧ್ಯಕ್ಷರಿಗೂ ಒಂದು ಮನವಿ ಕೊಡುವ ಅಂತಿದ್ದೇವೆ. ಹಂದಿ ಹೊಡೆಯಲು ಕರೆಯುವಾಗಲೇ ಠಾಣೆಗೂ ತಿಳಿಸಬೇಕು, ಕೋವಿಗೆ ಸರಿಯಾದ ಚೀಲ ಪಂಚಾಯತಿನಿಂದಲೇ ಕೊಡಬೇಕು ಅಂತ.

ಮಂಜೇಶ್ವರದ ವಕೀಲ:
ಠಾಣೆಯವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಡ್ಯೂಟಿ ಬದಲಾಗುವವರೆಗೆ ಮಾತ್ರ.

ಪೆರ್ಲದ ಅಡಿಕೆಗಾರ:
ಆಯಿತು. ಮನವಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಉಪ್ಪಳ ಗೇಟ್:
ಕನ್ನಡದಲ್ಲೇ ಕೊಡಿ, ನಮ್ಮ ಹಕ್ಕು ಅದು. ಜೊತೆಗೆ ಒಂದು ಮಲಯಾಳ ಪ್ರತಿಯನ್ನೂ ಇಡಿ. ಇಲ್ಲದಿದ್ದರೆ ಅನುವಾದಕ್ಕೆ ಕಳಿಸಿದ್ದೇವೆ ಅಂತ ಮುಂದಿನ ಮಳೆಗಾಲದವರೆಗೆ ಮೇಜಿನ ಮೇಲೆಯೇ ಇರುತ್ತದೆ.

ಕುಂಬಳೆ ಕಡಲು:
ಚೀಲ ಕೊಡುವುದಾದರೆ ನಮ್ಮ ಪಂಚಾಯತಿಗೂ ಒಂದು ಪ್ರತಿ ಹಾಕಿ ಮಾರಾಯ್ರೇ.